ಹಳೇ ಸಿನಿಮಾಗಳಿಗೆ ಟಿವಿಯಲ್ಲಿ ಕಪ್ಪು ಪಟ್ಟಿ ಯಾಕೆ? ಝೂಮ್ ಮಾಡಿ ನೋಡಬಹುದಾ?

ದಯವಿಟ್ಟು ಝೂಮ್ ಮಾಡಬೇಡಿ. 1940ರ ದಶಕದ ಸಿನಿಮಾಗೆ ಎಡಬಲದಲ್ಲಿ ಪಟ್ಟಿ, 1950ರ ದಶಕದ ಕೊನೆಯ ಸಿನಿಮಾಗೆ ಮೇಲೆ ಕೆಳಗೆ ಪಟ್ಟಿ ಬರುತ್ತದೆ ಅಂದಿರಿ. ಅದು ನಿಮ್ಮ ಟಿವಿಯ ತೊಂದರೆ ಅಲ್ಲ. ಆ ಸಿನಿಮಾಗಳನ್ನು ಚಿತ್ರೀಕರಿಸಿದ್ದೇ ಆ ಅಳತೆಯಲ್ಲಿ.

1932ರಿಂದ ಹಾಲಿವುಡ್‌ನಲ್ಲಿ ಚಿತ್ರದ ಎತ್ತರ 1 ಆದರೆ ಅಗಲ 1.37 ಇರುತ್ತಿತ್ತು. ಟಿವಿ ಬಂದಾಗ ಅದೂ ಹೆಚ್ಚುಕಡಿಮೆ ಇದೇ ಆಕಾರ ಹಿಡಿಯಿತು, 4:3. ಅಮೆರಿಕದ ಜನ ಮನೆಯಲ್ಲೇ ಕೂತರು, ಥಿಯೇಟರ್ ಖಾಲಿ ಆಗತೊಡಗಿದವು. ಮನೆಯಲ್ಲಿ ಸಿಗದ್ದನ್ನು ಕೊಡಬೇಕಲ್ವಾ? 1952ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸಿನೆರಾಮಾ ಬಂತು. ಮೂರು ಪ್ರೊಜೆಕ್ಟರ್, ಬಾಗಿದ ಭಾರೀ ಪರದೆ. ಊರೂರಿನ ಥಿಯೇಟರ್‌ಗೆ ಅದು ಕೈಗೆಟುಕುವ ಮಾತಲ್ಲ. ಮರುವರ್ಷ ಫಾಕ್ಸ್ ಕಂಪನಿ 'ದಿ ರೋಬ್' ಚಿತ್ರದ ಜೊತೆ ಸಿನಿಮಾಸ್ಕೋಪ್ ತಂದಿತು. ಅದಕ್ಕೆ ಬೇಕಾಗಿದ್ದು ಮುಖ್ಯವಾಗಿ ಒಂದು ಲೆನ್ಸ್, ಒಂದು ಅಗಲ ಪರದೆ.

ಆ ಲೆನ್ಸಿನ ಕೆಲಸ ನನಗೆ ಅರ್ಥವಾಗಿದ್ದು ಫಿಲ್ಮ್ ತುಂಡುಗಳಿಂದ. ಚಿಕ್ಕಂದಿನಲ್ಲಿ ನಮ್ಮೂರ ಟಾಕೀಸಿನ ಹಿಂದೆ ಆಪರೇಟರ್ ಕತ್ತರಿಸಿ ಎಸೆದ ತುಂಡುಗಳನ್ನು ಆರಿಸಿಕೊಳ್ಳುತ್ತಿದ್ದೆವು. ಬಿಸಿಲಿಗೆ ಹಿಡಿದರೆ ಕೆಲವದರಲ್ಲಿ ಹೀರೋ ಸರಿಯಾಗಿ ಕಾಣುತ್ತಿದ್ದ. ಇನ್ನು ಕೆಲವದರಲ್ಲಿ ಕಡ್ಡಿಯಂತೆ ಸಣಕಲು, ಮುಖ ಪಡವಲಕಾಯಿ ಥರ ಉದ್ದ, ಗಾಡಿಯ ಚಕ್ರ ಮೊಟ್ಟೆಯ ಆಕಾರ. ಅವು ಸ್ಕೋಪ್ ಫಿಲ್ಮ್, ಅಂದರೆ ಸಿನಿಮಾಸ್ಕೋಪ್ ಚಿತ್ರದ ತುಂಡುಗಳು. ಕ್ಯಾಮೆರಾದ ಲೆನ್ಸ್ ಅಗಲವನ್ನು ಅರ್ಧಕ್ಕೆ ಅದುಮುತ್ತದೆ, ಪ್ರೊಜೆಕ್ಟರ್ ಮುಂದಿನ ಲೆನ್ಸ್ ಅದನ್ನೇ ಎರಡು ಪಟ್ಟು ಹಿಗ್ಗಿಸುತ್ತದೆ. ಫಿಲ್ಮ್ ಮಾತ್ರ ಅದೇ 35 ಎಂಎಂ! ಮೊದಲು ಅಗಲ 2.55 ಇತ್ತು, ಆಮೇಲೆ ಸೌಂಡ್ ಟ್ರ್ಯಾಕ್‌ಗೆ ಜಾಗ ಬಿಟ್ಟು 2.35 ಆಯಿತು.

ನನಗೆ ಬೇಜಾರಾಗುವುದು ನಡುವೆ ಸಿಕ್ಕಿಕೊಂಡ ಸಿನಿಮಾಗಳ ಬಗ್ಗೆ. 'ಶೇನ್' ಚಿತ್ರವನ್ನು 1951ರಲ್ಲಿ 1.37ರ ಲೆಕ್ಕದಲ್ಲೇ ಚಿತ್ರೀಕರಿಸಿದ್ದರು. 1953ರಲ್ಲಿ ಬಿಡುಗಡೆ ಹೊತ್ತಿಗೆ ಅಗಲ ಪರದೆಯ ಹುಚ್ಚು ಶುರುವಾಗಿತ್ತು. ಮೇಲೆ ಕೆಳಗೆ ಮರೆಮಾಡಿ 1.66ರಲ್ಲಿ ತೋರಿಸಿದರು. ಅಷ್ಟು ಜೋಪಾನವಾಗಿ ಜೋಡಿಸಿದ ಚಿತ್ರಕ್ಕೆ ಬೇರೆಯವರು ಕತ್ತರಿ ಹಾಕಿದ್ದು ಅದು. ರಿಮೋಟ್‌ನಲ್ಲಿ ಝೂಮ್ ಒತ್ತಿದರೆ ಆಗುವುದೂ ಅದೇ. ಇವತ್ತಿನ 16:9 ಟಿವಿಯಲ್ಲಿ (ಎತ್ತರ 1 ಆದರೆ ಅಗಲ ಸುಮಾರು 1.78) 1.37ರ ಸಿನಿಮಾ ತುಂಬಿಸಿದರೆ ಎತ್ತರದಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ. ಸ್ಕೋಪ್ ಚಿತ್ರವಾದರೆ ಅಗಲದಲ್ಲಿ ಅಷ್ಟೇ ಹೋಗುತ್ತದೆ.

ಅಗಲದ ಬೆಲೆ ಗೊತ್ತಾಗಬೇಕಾದರೆ 1959ರ 'ಕಾಗಜ್ ಕೆ ಫೂಲ್' ನೋಡಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತದಲ್ಲ, ಅದನ್ನು ಅವರು ಕನ್ನಡಿಗಳಿಂದ ಬಿಸಿಲನ್ನೇ ಒಳಗೆ ತಿರುಗಿಸಿ ಮಾಡಿದ್ದು. ಗುರುದತ್ ಮತ್ತು ವಹೀದಾ ರೆಹಮಾನ್ ಒಬ್ಬರಿಂದೊಬ್ಬರು ದೂರ ನಿಂತಿರುತ್ತಾರೆ. ನಡುವಿನ ಆ ಖಾಲಿ ಜಾಗವೇ ಅವರಿಬ್ಬರ ಕಥೆ ಹೇಳುತ್ತದೆ. ಅಂಚು ಕತ್ತರಿಸಿದರೆ ಆ ದೂರವೇ ಕಮ್ಮಿಯಾಗುತ್ತದೆ.

ಟಿವಿಯ ಪಿಕ್ಚರ್ ಸೈಜ್‌ನಲ್ಲಿ ಝೂಮ್, ಸ್ಟ್ರೆಚ್ ಎರಡನ್ನೂ ತೆಗೆದುಬಿಡಿ. ಕೋಣೆಯ ದೀಪ ಆರಿಸಿ ಕೂತರೆ ಹತ್ತು ನಿಮಿಷಕ್ಕೆ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ.