ನೀರು ಬಿಟ್ಟರೆ ಹೊಟ್ಟೆ ಇನ್ನೂ ಕಟ್ಟುತ್ತೆ

ಪ್ರಶ್ನೆ: ನನಗೆ 37 ವರ್ಷ, ಶಾಲಾ ಶಿಕ್ಷಕಿ. ಐದು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಈಗ ನಾಲ್ಕೈದು ದಿನಕ್ಕೊಮ್ಮೆ ಮೋಷನ್ ಆಗುತ್ತದೆ, ಅದೂ ತಿಣುಕಿ ತಿಣುಕಿ. ಮೂತ್ರ ತಡೆಯಲು ಆಗಲ್ಲ ಅಂತ ಮಾತ್ರೆ ಕೊಟ್ಟಿದ್ದಾರೆ, ಶಾಲೆ ಇರುವ ದಿನ ನೀರೇ ಕುಡಿಯಲ್ಲ. ಅತ್ತೆ, 'ಇನ್ನೊಂದು ಮುದ್ದೆ ತಿನ್ನು, ಸರಿಹೋಗುತ್ತೆ' ಅಂತಾರೆ. ಇದು ಕಾಯಿಲೆಯಿಂದಲೇ ಆಗಿದ್ದಾ?
– ಓದುಗರು, ಮಂಡ್ಯ

ಉತ್ತರ: ಕಾಯಿಲೆಯೂ ಕಾರಣ ಅಮ್ಮ, ಆದರೆ ಅದೊಂದೇ ಅಲ್ಲ. ಎಂಎಸ್‌ನಲ್ಲಿ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುತ್ತದೆ. ಕರುಳಿಗೆ ಸುದ್ದಿ ಸರಿಯಾಗಿ ಮುಟ್ಟಲ್ಲ, ಕೆಲವರಿಗೆ ಹೋಗಬೇಕು ಅನ್ನಿಸುವುದೇ ಗೊತ್ತಾಗಲ್ಲ.

ನನಗೆ ಜಾಸ್ತಿ ಚಿಂತೆಯಾಗಿದ್ದು ನೀವು ನೀರು ಬಿಟ್ಟಿರುವುದು. ಮೂತ್ರದ ಭಯಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟಲು ಒಣಗಿಸಿಕೊಂಡು ಪಾಠ ಮಾಡಿದರೆ, ಮಲ ಒಳಗೇ ಒಣಗಿ ಗಟ್ಟಿಯಾಗುತ್ತದೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಆಗ ಮೂತ್ರದ ಅವಸರ ಇನ್ನೂ ಜಾಸ್ತಿ ಆಗುತ್ತದೆ. ಕಿಡ್ನಿ, ಹೃದಯದ ತೊಂದರೆ ಇಲ್ಲದಿದ್ದರೆ ದಿನಕ್ಕೆ 1.5ರಿಂದ 2 ಲೀಟರ್ ಬೇಕು. ಒಂದೇ ಸಲ ಚೊಂಬುಗಟ್ಟಲೆ ಬೇಡ. ಪ್ರತಿ ಪೀರಿಯಡ್ ಮುಗಿದ ಮೇಲೆ ನಾಲ್ಕು ಗುಟುಕು ಕುಡಿಯಿರಿ, ಮಲಗುವ ಮುಂಚೆ ಕಡಿಮೆ ಮಾಡಿ.

ಆ ಮಾತ್ರೆಯ ಹೆಸರೂ ನೋಡಿ. ಆಕ್ಸಿಬ್ಯುಟಿನಿನ್, ಟಾಲ್ಟೆರೋಡಿನ್ ಥರದವು ಮಲ ಕಟ್ಟಿಸುತ್ತವೆ, ಕಬ್ಬಿಣದ ಮಾತ್ರೆಯೂ ಹಾಗೇ. ನೀವೇ ನಿಲ್ಲಿಸಬೇಡಿ. ಚೀಟಿ ತಗೊಂಡು ಹೋಗಿ, ಬೇರೆ ಮಾತ್ರೆ ಆಗುತ್ತಾ ಅಂತ ನರರೋಗದ ಡಾಕ್ಟರನ್ನು ಕೇಳಿ. ಮಲ ಮೆತ್ತಗಾಗುವ ಔಷಧಿ ಬೇಕಾದರೆ ಅವರೇ ಬರೆದುಕೊಡುತ್ತಾರೆ. ಕೇಳಲು ನಾಚಿಕೆ ಬೇಡ, ಎಂಎಸ್ ಇರುವ ಎಷ್ಟೋ ಜನರಿಗೆ ಈ ತೊಂದರೆ ಇದೆ.

ಅತ್ತೆ ಹೇಳಿದ್ದು ತಪ್ಪಲ್ಲ. ರಾಗಿಯಲ್ಲಿ ನಾರಿದೆ, ಬಸ್ಸಾರಿನ ಸೊಪ್ಪಿನಲ್ಲೂ ಇದೆ. ಆದರೆ ನೀರಿಲ್ಲದೆ ನಾರು ಮಾತ್ರ ಏರಿಸಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ. ಇಸಬ್‌ಗೋಲ್‌ಗೂ ಇದೇ ಮಾತು.

ಇನ್ನೊಂದು, ತಿಂಡಿ ಆದ 20-30 ನಿಮಿಷಕ್ಕೆ ಕರುಳು ತಾನಾಗಿ ಕದಲುತ್ತದೆ. ಬಂದರೂ ಬರದಿದ್ದರೂ ದಿನಾ ಆಗ ಹತ್ತು ನಿಮಿಷ ಹೋಗಿ ಕೂರಿ, ತಿಣುಕಬೇಡಿ. ಕಮೋಡ್ ಆದರೆ ಪಾದದ ಕೆಳಗೆ ಮಣೆ ಇಟ್ಟುಕೊಂಡು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವ ಹಾಗೆ, ಮೊಣಕೈ ತೊಡೆ ಮೇಲೆ ಊರಿ ಮುಂದಕ್ಕೆ ಬಾಗಿ. ಶಾಲೆ ಗಡಿಬಿಡಿ ಇದ್ದರೆ ಅರ್ಧ ಗಂಟೆ ಮುಂಚೆ ಏಳಿ.

ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಹೊಟ್ಟೆ ಉಬ್ಬಿ ವಾಂತಿಯಾದರೆ, ಗ್ಯಾಸೂ ಹೋಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮತ್ತೆ, ದಿನಗಟ್ಟಲೆ ಕಟ್ಟಿಕೊಂಡಿದ್ದು ಇದ್ದಕ್ಕಿದ್ದಂತೆ ತೆಳ್ಳಗೆ ಸೋರಿದರೆ ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ನುಂಗಬೇಡಿ, ಗಟ್ಟಿ ಮಲದ ಪಕ್ಕದಿಂದ ನೀರು ಜಾರಿ ಬರುತ್ತಿರಬಹುದು.