ಹಸಿರು ನಕ್ಷೆ ಮತ್ತು ಬತ್ತುವ ಹಳ್ಳ

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ: ‘ಅರಣ್ಯ ಹೊದಿಕೆಯ ನಕ್ಷೆಯಲ್ಲಿ ನಮ್ಮ ಸೀಮೆ ಹಸಿರಾಗಿಯೇ ಇದೆಯೆಂದೂ ಮಳೆ ವಾಡಿಕೆಯ ಮಟ್ಟದಲ್ಲಿದೆಯೆಂದೂ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮೂರಿನ ಹಳ್ಳ ಈಗ ಫೆಬ್ರುವರಿಯಲ್ಲೇ ಬತ್ತುತ್ತದೆ. ಸುಳ್ಳು ಹೇಳುತ್ತಿರುವುದು ಅಂಕಿಅಂಶವೋ, ನಮ್ಮ ಕಣ್ಣೋ?’

ಮಾನ್ಯರೇ,

ಎರಡೂ ಸುಳ್ಳಲ್ಲ. ಆ ಅಂಕಿಗಳು ನಿಮ್ಮ ಹಳ್ಳವನ್ನು ಅಳೆಯಲು ಹುಟ್ಟಿದವೇ ಅಲ್ಲ.

ಮೊದಲು ಅರಣ್ಯದ ವಿಷಯ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಪ್ರಕಟಿಸುತ್ತಿರುವ ವರದಿಯಲ್ಲಿ, ಕನಿಷ್ಠ 1 ಹೆಕ್ಟೇರ್ ವಿಸ್ತೀರ್ಣವಿದ್ದು ಮರಗಳ ನೆತ್ತಿ ನೆಲದ ಶೇ 10ರಷ್ಟನ್ನಾದರೂ ಮುಚ್ಚಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಅದು ಯಾರ ಒಡೆತನದ್ದು, ಯಾವ ಜಾತಿಯ ಮರ ಎಂಬ ಪ್ರಶ್ನೆ ಅಲ್ಲಿಲ್ಲ. ಹೀಗಾಗಿ ತಲೆತಲಾಂತರದಿಂದ ಉಳಿದು ಬಂದ ಕಾನು (ಮಲೆನಾಡಿನ ಸಹಜ ನಿತ್ಯಹಸಿರು ಕಾಡು), ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪು, ದಟ್ಟವಾಗಿ ಬೆಳೆದ ತೋಟ ಇವೆಲ್ಲ ಒಂದೇ ಲೆಕ್ಕಕ್ಕೆ ಸೇರಬಹುದು. ಶೇ 70ಕ್ಕಿಂತ ಹೆಚ್ಚು ಮುಚ್ಚಿದ್ದರೆ ಅತಿ ದಟ್ಟ, 40ರಿಂದ 70 ಇದ್ದರೆ ಮಧ್ಯಮ ದಟ್ಟ ಎಂಬ ವಿಂಗಡಣೆ ಇದೆಯಾದರೂ ಅದು ಹೇಳುವುದು ದಟ್ಟಣೆಯನ್ನೇ ಹೊರತು ಕಾಡಿನ ಗುಣವನ್ನಲ್ಲ. ಕಾನು ಕಡಿದು ನೆಡುತೋಪು ಎಬ್ಬಿಸಿದ ಗುಡ್ಡ ಕೆಲವೇ ವರ್ಷಗಳಲ್ಲಿ ಉಪಗ್ರಹದ ಕಣ್ಣಿಗೆ ಮತ್ತೆ ಹಸಿರಾಗುತ್ತದೆ. ಆದರೆ ತರಗೆಲೆಯ ದಪ್ಪ ಹಾಸು, ಅದರಡಿಯ ಸಡಿಲ ಮಣ್ಣು, ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಜಿನುಗಿಸುವ ಅದರ ಶಕ್ತಿ ಅಷ್ಟು ಬೇಗ ಮರಳುವುದಿಲ್ಲ. ನಿಮ್ಮ ಹಳ್ಳದ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಲ್ಲಿಯೇ ಇದೆ ಎಂದು ನಾನು ನಂಬುತ್ತೇನೆ.

ಇನ್ನು ಮಳೆ. ದೀರ್ಘಕಾಲದ ಸರಾಸರಿಗಿಂತ ಶೇ 19ರವರೆಗೆ ಕಡಿಮೆಯಾದರೂ ಹವಾಮಾನ ಇಲಾಖೆ ಅದನ್ನು ವಾಡಿಕೆ ಮಳೆ ಎಂದೇ ಕರೆಯುತ್ತದೆ. ಆಷಾಢದಲ್ಲಿ ಎಡೆಬಿಡದೆ ಸುರಿದ ಮಳೆಯೂ ನಾಲ್ಕೇ ದಿನ ಭೋರ್ಗರೆದು ಇಳಿಜಾರಿನಲ್ಲಿ ಹರಿದುಹೋದ ಮಳೆಯೂ ಒಟ್ಟು ಮಿಲಿಮೀಟರಿನಲ್ಲಿ ಒಂದೇ ಆಗಬಹುದು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಒಟ್ಟು ಮಳೆಯ ಜೊತೆಗೆ ಮಳೆಯಿಲ್ಲದ ವಾರಗಳು, ಬಿತ್ತನೆಯ ಪ್ರಮಾಣ, ಮಣ್ಣಿನ ತೇವಾಂಶ, ಉಪಗ್ರಹದಿಂದ ಅಳೆದ ಬೆಳೆಯ ಹಸಿರು, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಇವನ್ನೂ ಪರಿಗಣಿಸುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಆದರೂ ಈ ಸೂಚಕಗಳ ಮುಖ್ಯ ಗುರಿ ಮುಂಗಾರು ಹಂಗಾಮಿನ ಬೆಳೆ. ಜಂಬಿಟ್ಟಿಗೆ ಮಣ್ಣಿನ ನಮ್ಮ ಗುಡ್ಡಗಳಲ್ಲಿ ಸಂಕಟ ಕಾಣಿಸಿಕೊಳ್ಳುವುದು ಮಳೆಗಾಲ ಮುಗಿದು ಎಷ್ಟೋ ತಿಂಗಳ ಮೇಲೆ, ಅಡಿಕೆಗೆ ನೀರು ಬೇಕಾದ ಹೊತ್ತಿಗೆ.

ಅಂತರ್ಜಲದ ಲೆಕ್ಕವೂ ಹೀಗೆಯೇ. ವರ್ಷದಲ್ಲಿ ಬಳಕೆಗೆ ಸಿಗುವ ನೀರಿನ ಶೇ 70ರವರೆಗೆ ಎತ್ತಿದರೆ ಆ ತಾಲ್ಲೂಕು ಸುರಕ್ಷಿತ, 100 ದಾಟಿದರೆ ಅತಿಬಳಕೆ. ಇಡೀ ತಾಲ್ಲೂಕಿಗೆ ಒಂದೇ ಹಣೆಪಟ್ಟಿ ಬೀಳುವಾಗ ಗುಡ್ಡದ ಮೇಲ್ಭಾಗದ ಒಂದು ಮಜರೆಯ ಬಾವಿ ಅದರಲ್ಲಿ ಕಾಣುವುದಿಲ್ಲ.

ಮಲೆನಾಡಿಗೆ ನಾನು ಬಯಸುವ ಸೂಚಕ ಬೇಸಿಗೆಯ ಹರಿವು: ಹಳ್ಳ ಯಾವ ದಿನ ನಿಂತಿತು, ಬಾವಿಯ ನೀರು ಪ್ರತಿ ತಿಂಗಳು ಎಷ್ಟು ಅಡಿ ಇಳಿಯಿತು, ಅದೇ ಹಳ್ಳದ ಜಲಾನಯನದಲ್ಲಿ ಕಾನು ಎಷ್ಟು, ನೆಡುತೋಪು ಎಷ್ಟು, ಹೊಸ ತೋಟ ಮತ್ತು ಕೊಳವೆಬಾವಿ ಎಷ್ಟು. ಇವನ್ನು ಒಟ್ಟಿಗಿಟ್ಟು ನೋಡಿದಾಗಲೇ ಸಂರಕ್ಷಣೆ, ಬರ, ಬಳಕೆ ಮೂರರ ನಂಟು ಗೊತ್ತಾಗುತ್ತದೆ. ತೋಟದ ವಿಸ್ತರಣೆಯನ್ನು ಈ ಪಟ್ಟಿಯಿಂದ ಕೈಬಿಡಬೇಡಿ ಎಂದು ಬೆಳೆಗಾರರಾದ ನಿಮ್ಮನ್ನೇ ಕೇಳಿಕೊಳ್ಳುತ್ತೇನೆ, ಏಕೆಂದರೆ ಅದಿಲ್ಲದ ದಾಖಲೆ ಅರ್ಧ ಸತ್ಯವಷ್ಟೇ ಆಗುತ್ತದೆ.

ಬಾವಿಕಟ್ಟೆಯಿಂದ ನೀರಿನ ಮೇಲ್ಮೈಗೆ ಗುರುತು ಹಾಕಿದ ಹಗ್ಗ ಇಳಿಸಿ, ಪಂಪು ಹಾಕುವ ಮೊದಲು, ಪ್ರತಿ ತಿಂಗಳು ಒಂದೇ ತಾರೀಖಿನಂದು ಅಳತೆ ಬರೆದಿಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಈ ಅಳತೆಗಳನ್ನೂ ಸೇರಿಸುವಂತೆ ಲಿಖಿತವಾಗಿ ಕೇಳಿ. ಒಂದು ಪ್ರತಿಯನ್ನು ನಮಗೂ ಕಳಿಸಿದರೆ, ಬೇರೆ ಊರುಗಳಿಂದ ಬಂದ ಅಳತೆಗಳ ಜೊತೆಗೆ ಪ್ರಕಟಿಸುತ್ತೇವೆ.

– ಸಂಪಾದಕ