ಸಂಪಾದಕರ ಉತ್ತರ: ಅಂಚಿನಲ್ಲಿ ಬರೆದ ಕನ್ನಡ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ತಂದೆ 34 ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಈಗೀಗ ಮಾತೇ ಕಡಿಮೆ. "ಆಯಸ್ಸೆಲ್ಲ ಬೇರೆಯವರ ಭಾಷೆ ಹೇಳಿಕೊಟ್ಟೆ, ನಮ್ಮದಕ್ಕೆ ಏನು ಮಾಡಿದೆ?" ಅನ್ನುತ್ತಾರೆ. ಅವರ ಪಠ್ಯಪುಸ್ತಕಗಳ ಅಂಚಿನ ತುಂಬ ಪೆನ್ಸಿಲ್‌ನಲ್ಲಿ ಬರೆದ ಕನ್ನಡ ಅರ್ಥಗಳಿವೆ. ಅವರಿಗೆ ಏನು ಹೇಳಲಿ?'

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ತಂದೆಯವರಿಗೆ ಮೊದಲು ಬಿ.ಎಂ.ಶ್ರೀ. ಅವರನ್ನು ನೆನಪಿಸಿ. ಅವರೂ ಇಂಗ್ಲಿಷ್ ಮೇಷ್ಟ್ರೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಕನ್ನಡ ತಲೆಯೆತ್ತುವುದು ಹೇಗೆ ಎಂದು 1911ರಲ್ಲಿ ಧಾರವಾಡಕ್ಕೆ ಹೋಗಿ ಮಾತಾಡಿದವರೂ ಅವರೇ.

'ಕರುಣಾಳು ಬಾ ಬೆಳಕೆ' ಯಾರಿಗೆ ಗೊತ್ತಿಲ್ಲ? ಅದರ ಮೂಲ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯ ಪ್ರಾರ್ಥನೆ. ಅಲ್ಲಿ ಬೆಳಕಿಗೆ 'ನಡೆಸು' ಎಂದಷ್ಟೇ ಇದೆ. ಶ್ರೀಯವರು ಮೊದಲು 'ಬಾ' ಎಂದು ಕರೆದರು. ಆಮೇಲೆ 'ಕೈಹಿಡಿದು' ನಡೆಸು ಎಂದರು. ಈ ಎರಡೂ ಮಾತು ಮೂಲದಲ್ಲಿಲ್ಲ. ಆದರೆ ಅವು ಬಂದದ್ದರಿಂದಲೇ ಆ ಹಾಡು ನಮ್ಮ ಮನೆಯದಾಯಿತು. ಪರಭಾಷೆಯ ಒಂದು ಸಾಲಿಗೆ ನಮ್ಮ ಮಾತು ಯಾವುದು ಎಂದು ತಡಕಾಡುವ ಕೆಲಸ ಇದು. ಪೆನ್ಸಿಲ್ ಹಿಡಿದು ನಿಮ್ಮ ತಂದೆ ಮಾಡಿದ್ದೂ ಇದನ್ನೇ ಅಲ್ವಾ?

ಅಡಿಗರು, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಪಾಠ ಹೇಳಿದವರೇ. ಹಾಗಂತ ಮೇಷ್ಟ್ರಾದವರೆಲ್ಲ ಕಥೆ, ಕವಿತೆ ಬರೆಯಲೇಬೇಕು ಅಂತಿಲ್ಲ. ಮಹಾರಾಜ ಕಾಲೇಜಿನಲ್ಲಿ ಅನಂತಮೂರ್ತಿಯವರ ಗುರುಗಳಾಗಿದ್ದ ಸಿ.ಡಿ. ನರಸಿಂಹಯ್ಯ ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷ್ ವಿಮರ್ಶಕ ಲೀವಿಸ್ ಹತ್ತಿರ ಓದಿ ಬಂದು, 1952ರಲ್ಲಿ ಮೈಸೂರಿನಿಂದಲೇ 'ಲಿಟರರಿ ಕ್ರೈಟೀರಿಯನ್' ಪತ್ರಿಕೆ ಶುರು ಮಾಡಿದರು. ವಯಸ್ಸು ಅರವತ್ತರ ಹತ್ತಿರ ಬಂದಾಗ, 1979ರಲ್ಲಿ, ಅವರು ಮೈಸೂರಿನಲ್ಲಿ ಸಾಹಿತ್ಯದ ಓದಿಗೆಂದೇ ಕಟ್ಟಿದ ಕೇಂದ್ರದ ಹೆಸರು 'ಧ್ವನ್ಯಾಲೋಕ'. ಅದು ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನನ ಗ್ರಂಥದ ಹೆಸರು. ಇಂಗ್ಲಿಷ್ ಮೇಷ್ಟ್ರು ಹೆಸರಿಗೆ ನಮ್ಮ ನೆಲದ ಕಡೆಗೇ ತಿರುಗಿದರು, ನೋಡಿ.

ನಿಮ್ಮ ತಂದೆಯವರ ತರಗತಿಯಲ್ಲಿ ಕೂತವರು ಹೆಚ್ಚಾಗಿ ಕನ್ನಡ ಮಾಧ್ಯಮದ ಮಕ್ಕಳೇ ಇರಬೇಕು. ಷೇಕ್ಸ್‌ಪಿಯರ್ ಅವರಿಗೆ ಕನ್ನಡದಲ್ಲೇ ಅರ್ಥವಾಗಿರುತ್ತಾನೆ, ಆ ಪೆನ್ಸಿಲ್ ಗೀಟುಗಳ ಮೂಲಕ. ಅದು ಕನ್ನಡದ ಕೆಲಸ ಅಲ್ಲ ಅಂತ ನಾನಂತೂ ಒಪ್ಪುವುದಿಲ್ಲ.

ಒಂದು ಉಪಕಾರ ಮಾಡಿ. ಅವರು ಅತಿ ಜಾಸ್ತಿ ಗೀಚಿದ ಪುಸ್ತಕ ಯಾವುದು ಕೇಳಿ. ಅದರ ನಾಲ್ಕು ಪುಟದ ಫೋಟೋ ಕಳಿಸಿ. ಪ್ರತಿ ಅರ್ಥದ ಪಕ್ಕ, ಆ ಮಾತು ಹೇಗೆ ಹೊಳೆಯಿತು ಎಂದು ಅವರ ಕೈಯಲ್ಲೇ ಬರೆಸಿ. ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಜಾಗ ಇದೆ.

- ಸಂಪಾದಕ